ರಿವರ್ಸ್ ಗೇರಿನಲ್ಲಿ ಎಂಟು ಸುತ್ತು

ಗಲೀಸಿಯದ ಆ ಕಣಿವೆಯಲ್ಲಿ ಯಾರ ಟ್ರ್ಯಾಕ್ಟರ್ ಕೆಟ್ಟರೂ ಎಲಾದಿಯೊನ ಗ್ಯಾರೇಜಿಗೇ ಬರುತ್ತಿತ್ತು. ಅರವತ್ತಾರು ವರ್ಷದ ಅವನಿಗೆ ಕಬ್ಬಿಣದ ಜೊತೆ ತಾಳ್ಮೆ ಹೆಚ್ಚು, ಜನರ ಜೊತೆ ಕಡಿಮೆ. ಒಮ್ಮೆ ಆಡಿದ ಮಾತನ್ನು ಅವನು ವಾಪಸು ತೆಗೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಅದು ತನ್ನ ದೊಡ್ಡ ಗುಣವೆಂದು ಅವನು ತಿಳಿದಿದ್ದ. ಹೆಂಡತಿ ಒಬ್ದೂಲಿಯ ಅದನ್ನು ತುಕ್ಕು ಎಂದು ಕರೆಯುತ್ತಿದ್ದಳು.

ಏಳು ವರ್ಷದ ಹಿಂದೆ ಅವಳ ಅಣ್ಣ ದೆಲ್ಮಿರೊ ತನ್ನ ಮನೆಯ ಊಟದ ಮೇಜಿನಲ್ಲಿ ಹತ್ತು ಜನರ ಮುಂದೆ, ಎಲಾದಿಯೊ ದ್ರಾಕ್ಷಿ ಸಿಪ್ಪೆಯಿಂದ ಭಟ್ಟಿ ಇಳಿಸಿದ ಸಾರಾಯಿಗೆ ಬ್ರೇಕ್ ಆಯಿಲಿನ ರುಚಿಯಿದೆ ಎಂದುಬಿಟ್ಟಿದ್ದ. ಎಲಾದಿಯೊ ಎದ್ದು, "ಇನ್ನು ನಿನ್ನ ಹೊಸ್ತಿಲಿಗೆ ಮುಖ ಮಾಡಲ್ಲ" ಎಂದು ಹೊರಟುಬಂದ. ಆಮೇಲೂ ಇಬ್ಬರೂ ವಾರಕ್ಕೊಮ್ಮೆ ಬಾರಿನಲ್ಲಿ ಎದುರುಬದುರು ಕೂತು ಇಸ್ಪೀಟು ಆಡುತ್ತಿದ್ದರು. ಬಾರಿನ ಹೊಸ್ತಿಲಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲವಲ್ಲ.

ಎಲಾದಿಯೊನ ಮಗಳು ಸಬೇಲ ಮಣ್ಣಿನ ಟ್ರ್ಯಾಕಿನಲ್ಲಿ ಬಗ್ಗಿ ಎಂಬ ರೇಸಿನ ಗಾಡಿ ಓಡಿಸುತ್ತಿದ್ದಳು. ಕೊಳವೆಗಳ ಪಂಜರ, ಅದರ ಬೆನ್ನಿಗೆ ಆರುನೂರು ಸಿ.ಸಿ. ಬೈಕಿನ ಎಂಜಿನ್ನು, ಅಲ್ಲಿಂದ ಹಿಂದಿನ ಅಚ್ಚಿಗೆ ಒಂದು ಚೈನು. ಎಲ್ಲವೂ ಅಪ್ಪನ ಕೈಕೆಲಸ. ವರ್ಷದ ಕೊನೆಯ ಸ್ಪರ್ಧೆಯೊಂದು ಉಳಿದಿತ್ತು. ಎಷ್ಟನೆಯವಳಾಗಿಯಾದರೂ ಸರಿ, ಅದನ್ನು ಪೂರ್ತಿ ಓಡಿ ಮುಗಿಸಿದರೆ ವರ್ಷದ ಪಟ್ಟಿಯಲ್ಲಿ ಮೂರನೇ ಸ್ಥಾನ ಅವಳದು. ಅಷ್ಟರಲ್ಲಿ ಸಂಘಟಕರ ಕಾಗದ ಬಂತು: ತಾನಾಗಿ ಹಿಂದಕ್ಕೆ ಚಲಿಸಲಾರದ ಗಾಡಿಯನ್ನು ಟ್ರ್ಯಾಕಿಗೆ ಬಿಡುವುದಿಲ್ಲ.

"ಬೈಕಿಗೆ ಎಲ್ಲಿದೆ ರಿವರ್ಸು?" ಎಂದ ಎಲಾದಿಯೊ. "ಹಿಂದಕ್ಕೆ ಹೋಗೋ ಆಸೆ ಇದ್ದವನು ಬೈಕು ಯಾಕೆ ಕೊಳ್ತಾನೆ?"

"ಹಾಗಂತ ಅವರಿಗೇ ಬರೆದು ಕಳಿಸು," ಎಂದಳು ಸಬೇಲ. "ನಾನು ಭಾನುವಾರ ಮನೇಲಿ ಕೂತು ಬಟಾಣಿ ಸುಲೀತೀನಿ."

"ನಮ್ಮಣ್ಣನ ಕೋಳಿಗೂಡಲ್ಲಿ ಹಳೇ ಮೂರು ಚಕ್ರದ ಲಗೇಜು ಗಾಡಿ ಬಿದ್ದಿದೆ," ಎಂದಳು ಒಬ್ದೂಲಿಯ, ಸಾರಿನ ಪಾತ್ರೆಯಿಂದ ತಲೆಯೆತ್ತದೆ. "ಅದಕ್ಕೆ ರಿವರ್ಸಿನ ಡಬ್ಬಿ ಬೇರೆಯಾಗೇ ಇತ್ತು. ಆದರೆ ಕೆಲವರಿಗೆ ಅಲ್ಲಿಗೆ ಹೋಗೋಕಾಗಲ್ಲ."

ಎಲಾದಿಯೊ ಎರಡು ದಿನ ಗ್ಯಾರೇಜಿನ ಹಳೇ ಕಬ್ಬಿಣದ ರಾಶಿಯನ್ನೆಲ್ಲ ಕೆದಕಿದ. ಮೂರನೇ ದಿನ ಬೆಳಿಗ್ಗೆ ದೆಲ್ಮಿರೊ ಬಾಗಿಲು ತೆರೆದಾಗ, ಭಾವ ಅಂಗಳದ ಗೇಟಿನಿಂದ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ತನ್ನ ಮನೆಯ ಕಡೆಗೆ ಬರುತ್ತಿರುವುದು ಕಂಡಿತು. ಒಂದು ಬಕೆಟ್ಟು, ಎರಡು ಕೋಳಿ ಕಾಲಿಗೆ ಸಿಕ್ಕವು. ಹೊಸ್ತಿಲಿಗೆ ಹಿಮ್ಮಡಿ ತಾಗಿದಾಗ ಅವನು ನಿಂತ.

"ಏನು ಭಾವ, ಕತ್ತು ಉಳುಕಿದೆಯಾ?" ಎಂದ ದೆಲ್ಮಿರೊ.

"ಮುಖ ಮಾಡಲ್ಲ ಅಂದಿದ್ದೆ. ಬೆನ್ನಿನ ಮಾತು ಬಂದಿರಲಿಲ್ಲ."

"ಬೆನ್ನೇ ವಾಸಿ ಬಿಡು, ನೋಡೋಕೂ ಚೆನ್ನಾಗಿದೆ. ಏನು ಬೇಕಿತ್ತು?"

"ರಿವರ್ಸಿನ ಡಬ್ಬಿ."

ದೆಲ್ಮಿರೊ ಆಗಲೇ ಕೋಳಿಗೂಡಿಗೆ ಹೋಗಿ ಡಬ್ಬಿ ಬಿಚ್ಚಿಕೊಟ್ಟ. ಅವನು ಅಷ್ಟು ಸುಲಭಕ್ಕೆ ಕೊಟ್ಟಾಗಲೇ ಎಲಾದಿಯೊ ಅನುಮಾನಪಡಬೇಕಿತ್ತು.

ಒಂದು ಚೈನಿದ್ದ ಜಾಗದಲ್ಲಿ ಎರಡಾದವು: ಎಂಜಿನ್ನಿನಿಂದ ಡಬ್ಬಿಗೊಂದು, ಡಬ್ಬಿಯಿಂದ ಅಚ್ಚಿಗೊಂದು. ಶುಕ್ರವಾರ ಸಬೇಲ ಸೀಟಿಗೆ ಕೂತು, ಹೊಸ ಸನ್ನೆಕೋಲನ್ನು ಮುಂದಕ್ಕೆ ತಳ್ಳಿ ಕ್ಲಚ್ಚು ಬಿಟ್ಟಳು. ಬಗ್ಗಿ ಹಿಂದಕ್ಕೆ ಹಾರಿ ಒಬ್ದೂಲಿಯಳ ಕೋಸಿನ ಮಡಿಯಲ್ಲಿ ನಿಂತಿತು.

"ರಿವರ್ಸ್ ಕೆಲಸ ಮಾಡ್ತಿದೆ," ಎಂದ ಎಲಾದಿಯೊ.

"ಅಪ್ಪ, ನಾನು ಮುಂದಕ್ಕೆ ಹಾಕಿದ್ದು."

ಕಲ್ಲಿನ ಗೋಡೆಯಾಚೆ ದೆಲ್ಮಿರೊ ಮೊಣಕೈಯೂರಿ ನಿಂತಿದ್ದ. ಬಹಳ ಹೊತ್ತಿನಿಂದ ನಿಂತವನ ಹಾಗೆ ಕಂಡ. "ಆ ಗಾಡಿಯ ಎಂಜಿನ್ನು ಉಲ್ಟಾ ತಿರುಗ್ತಿತ್ತು," ಎಂದ. "ಅದನ್ನ ಸರಿಮಾಡೋಕೆ ಡಬ್ಬಿಯಲ್ಲಿ ಎರಡು ದಪ್ಪ ಹಲ್ಲುಚಕ್ರ. ಹಿಂದೆ ಹೋಗೋವಾಗ ಮಾತ್ರ ನಡುವೆ ಒಂದು ಸಣ್ಣ ಚಕ್ರ ಸೇರ್ಕೊಳ್ತಿತ್ತು. ನಿನ್ನ ಎಂಜಿನ್ನು ಮೊದಲೇ ಸರಿಯಾಗಿ ತಿರುಗತ್ತೆ. ಅದಕ್ಕೇ ಎಲ್ಲಾ ಉಲ್ಟಾ."

"ಮೊದಲೇ ಹೇಳೋಕೆ ಏನಾಗಿತ್ತು?"

"ಡಬ್ಬಿ ಕೇಳಿದೆ, ಕೊಟ್ಟೆ. ಬುದ್ಧಿ ಕೇಳಲಿಲ್ಲ."

ಬೇರೆ ಡಬ್ಬಿ ಹುಡುಕಲು ಸಮಯವಿರಲಿಲ್ಲ. ಎಲಾದಿಯೊ ಸನ್ನೆಕೋಲಿನ ಸರಳನ್ನು ಕೀಲಿನ ಕೆಳಗಿನಿಂದ ಬಿಚ್ಚಿ ಮೇಲಕ್ಕೆ ಸಿಕ್ಕಿಸಿದ. ಈಗ ಮುಂದೆ ತಳ್ಳಿದರೆ ಗಾಡಿ ಮುಂದೆ, ಹಿಂದೆ ಎಳೆದರೆ ಹಿಂದೆ. ಆದರೆ ಮುಂದಿನ ಓಟದ ಭಾರವೆಲ್ಲ ಆ ಸಣ್ಣ ಚಕ್ರದ ಮೇಲೆ ಬಿತ್ತು. ಕೋಳಿಗೂಡಿನಿಂದ ಹತ್ತು ಹೆಜ್ಜೆ ಹಿಂದೆ ಬರಲು ಮಾಡಿದ ಚಕ್ರ ಅದು. ಅದರ ಮೇಲೀಗ ಎಂಟು ಸುತ್ತು ಓಡಬೇಕಿತ್ತು.

ಭಾನುವಾರ ತಪಾಸಣೆಯ ಅಧಿಕಾರಿ ಪಟ್ಟಿ ಹಿಡಿದು ಬಂದ. "ರಿವರ್ಸ್ ಇದೆಯೇನ್ರೀ?"

"ಇಡೀ ಗಾಡಿ ಓಡೋದೇ ಅದರಲ್ಲಿ ಸ್ವಾಮಿ," ಎಂದ ಎಲಾದಿಯೊ, ಸತ್ಯವನ್ನೇ ಹೇಳುತ್ತ. ಅಧಿಕಾರಿ ತಮಾಷೆಯೆಂದುಕೊಂಡು ನಕ್ಕ, ಗಾಡಿಯನ್ನು ಹತ್ತು ಮೀಟರು ಹಿಂದಕ್ಕೆ ಓಡಿಸಿ ನೋಡಿ ಗುರುತು ಹಾಕಿದ.

ಮೂರನೇ ಸುತ್ತಿಗೆ ಡಬ್ಬಿ ಗೋಳಿಡತೊಡಗಿತು. ಐದನೆಯದರಲ್ಲಿ ಉಳಿದ ಹನ್ನೊಂದು ಎಂಜಿನ್ನುಗಳ ಸದ್ದನ್ನೂ ಮೀರಿ ಕೇಳಿಸಿತು. ದೆಲ್ಮಿರೊ ಕಣಕದ ಕಡುಬು ಮೆಲ್ಲುತ್ತ ಬೇಲಿಗೆ ಒರಗಿದ್ದ. "ಹೋಗ್ತಿದೆ ನೋಡು, ಹಲ್ಲು ಹೋಗ್ತಿದೆ."

"ತಿನ್ನೋದು ನಿಲ್ಲಿಸು, ನಿನ್ನದೂ ಹೋಗತ್ತೆ," ಎಂದ ಎಲಾದಿಯೊ.

ಸಬೇಲ ಅವಸರಪಡಲಿಲ್ಲ. ತಿರುವಿನಲ್ಲಿ ಕಾಲು ಸಡಿಲಿಸಿ, ಏರಿನಲ್ಲಿ ಒತ್ತದೆ, ಇಬ್ಬರು ತನ್ನನ್ನು ದಾಟಿ ಹೋಗಲು ಬಿಟ್ಟು ಎಂಟನೇ ಸುತ್ತನ್ನೂ ತಂದಳು. ಗೆರೆ ದಾಟಿದ್ದು ಒಂಬತ್ತನೆಯವಳಾಗಿ. ಇಪ್ಪತ್ತು ಗಜ ಮುಂದೆ ಹೋಗುವಷ್ಟರಲ್ಲಿ ಡಬ್ಬಿಯೊಳಗೆ ಜಲ್ಲಿ ಸುರಿದ ಸದ್ದಾಗಿ ಗಾಡಿ ನಿಂತಿತು.

ಅಧಿಕಾರಿ ಸೀಟಿ ಊದುತ್ತ ಓಡಿಬಂದ. "ದಾರಿ ಬಿಡಮ್ಮ, ಹಿಂದೆ ಬರ್ತಿದ್ದಾರೆ."

ಸಬೇಲ ಸನ್ನೆಕೋಲು ಹಿಂದಕ್ಕೆಳೆದಳು. ಪುಡಿಯಾದ ಸಣ್ಣ ಚಕ್ರದ ಹಂಗಿಲ್ಲದೆ ಆ ದಪ್ಪ ಚಕ್ರಗಳೆರಡೂ ಹೊಸದರಂತೆ ಕಚ್ಚಿಕೊಂಡವು. ವರ್ಷದ ಮೂರನೇ ಸ್ಥಾನದವಳು ಕತ್ತು ಹೊರಳಿಸಿಕೊಂಡು, ಒಂದು ಕೈ ಬೀಸುತ್ತ, ಟ್ರ್ಯಾಕಿನ ಅಂಚಿನಲ್ಲಿ ಶೆಡ್ಡಿನವರೆಗೂ ಹಿಂದುಹಿಂದಕ್ಕೇ ಹೋದಳು, ಎರಡನೇ ಗೇರಿನಲ್ಲಿ.