ಹತ್ತು ವರ್ಷದ ಕೆಮ್ಮು

ಆರೋಗ್ಯವಾಗಿದ್ದ ಒಬ್ಬರಿಗೆ ನಾನು ಹತ್ತು ವರ್ಷದ ಕೆಮ್ಮನ್ನು ಅಂಟಿಸಿದ್ದೇನೆ. ಅಂಟಿಸಿದ್ದು ಮೂರು ವರ್ಷದ ಹಿಂದೆ. ಲೆಕ್ಕ ತಪ್ಪಿದಂತೆ ಕಂಡರೆ ನೀವು ಸರಿಯಾಗಿಯೇ ಓದುತ್ತಿದ್ದೀರಿ. ತಪ್ಪಿರುವುದು ನಮ್ಮ ಬಡಾವಣೆ ಮೂಡಲಪಾಳ್ಯದ ಲೆಕ್ಕ.

ನನ್ನ ಕಸುಬು ಮಿಮಿಕ್ರಿ. ಕಸುಬು ಎಂದರೆ ನಮ್ಮಪ್ಪ ಮೂಗಿನಲ್ಲೊಂದು ನಗು ನಗುತ್ತಾರೆ. ಆ ನಗುವನ್ನೂ ನಾನು ಮಾಡಿ ತೋರಿಸಬಲ್ಲೆ. ನಮ್ಮ ಕಡೆ ಬೀದಿಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸಿದಾಗ ಆರ್ಕೆಸ್ಟ್ರಾ ಇಡಿಸುವುದು ವಾಡಿಕೆ. ಹಾಡುವವರು ನೀರು ಕುಡಿಯಲು ಇಳಿದಾಗ ಜನ ಎದ್ದು ಹೋಗದಂತೆ ಕುರ್ಚಿಗೆ ಅಂಟಿಸಿ ಹಿಡಿಯುವ ಗೋಂದು ನಾನು. ಮೆಟ್ರೋ ಬಾಗಿಲು ಮುಚ್ಚುವಾಗ ಮಾತಾಡುವ ಹೆಂಗಸು, ಕುಕ್ಕರಿನ ಮೂರನೆಯ ಸೀಟಿ, ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಹುಡುಕುತ್ತಿರುವ ನಾನು, ಎಲ್ಲವನ್ನೂ ಮಾಡುತ್ತೇನೆ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುವುದು ಮಾತ್ರ ನಮ್ಮ ಎದುರು ಮನೆಯ ಬೋರಪ್ಪನವರಿಗೆ. ಅವರ ತಂದೆ ಹುರುಳಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ನಾಲ್ಕು ಕ್ರಾಸು, ಒಂದು ಜಿಮ್ಮು ಎದ್ದಿವೆ ಎಂದು ಸಿಕ್ಕವರಿಗೆಲ್ಲ ಹೇಳುವುದು ಅವರ ಚಾಳಿ. ಅಂಥವರು ಸಿಕ್ಕರೆ ಮಿಮಿಕ್ರಿಯವನು ಬಿಡುತ್ತಾನೆಯೇ?

ಮೂರು ವರ್ಷದ ಹಿಂದಿನ ಉತ್ಸವದಲ್ಲಿ ಮೊದಲ ಸಲ ಅವರನ್ನು ಸ್ಟೇಜಿಗೆ ತಂದೆ. "ಈ ಜಿಮ್ಮು ಐತಲ್ಲಪ್ಪಾ, ಇಲ್ಲಿ ನಮ್ ಹುರುಳಿ ಇತ್ತು" ಎನ್ನುವವರೆಗೆ ಸುಗಮ. ಆಮೇಲೆ ಮುಂದಿನ ಸಾಲು ತಲೆಯಿಂದ ಜಾರಿತು. ಮೈಕು, ಬೆಳಕು, ಮುನ್ನೂರು ಮುಖ. ಬೇರೇನೂ ತೋಚದೆ ಕೆಮ್ಮಿದೆ. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಗಂಟಲ ತಳದಿಂದ ಒಂದು "ಹಾ". ಬೋರಪ್ಪನವರು ಹಾಗೆ ಕೆಮ್ಮಿದವರೇ ಅಲ್ಲ. ಆದರೆ ಬೀದಿ ಬಿದ್ದು ಬಿದ್ದು ನಕ್ಕಿತು. "ಥೇಟ್ ಅವ್ರೇ ಗುರು!" ಎಂದು ಹಿಂದಿನಿಂದ ಯಾರೋ ಕೂಗಿದರು. ಮುಂದಿನ ಸಾಲಿನಲ್ಲಿದ್ದ ಬೋರಪ್ಪನವರೂ ಹೆಗಲ ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಜನ ನಕ್ಕ ಮೇಲೆ ಅದು ಸುಳ್ಳೆಂದು ಯಾರು ಕೈಬಿಡುತ್ತಾರೆ? ಕೆಮ್ಮು ಐಟಮ್ಮಿಗೆ ಸೇರಿತು.

ಅವತ್ತು ನಾನು ಸ್ಟೇಜಿನ ಮೇಲೆ ಅರ್ಧ ಗಂಟೆ ಇದ್ದೆ ಎಂದು ಇಂದಿಗೂ ಪ್ರಮಾಣ ಮಾಡಬಲ್ಲೆ. ನನ್ನ ಗೆಳೆಯ ಮಂಜ ತೆಗೆದ ವಿಡಿಯೋದಲ್ಲಿ ಇರುವುದು ನಾಲ್ಕು ನಿಮಿಷ. ಮನಸ್ಸು ಕೈಗೆ ವಾಚು ಕಟ್ಟಿಕೊಳ್ಳುವ ಪೈಕಿ ಅಲ್ಲ. ನೆನಪನ್ನು ಅಂಗೈಯಲ್ಲಿಟ್ಟು ತೂಗುತ್ತದೆ; ಭಾರವಾಗಿದ್ದರೆ ಬಹಳ ಹೊತ್ತು ನಡೆದಿರಬೇಕು ಎನ್ನುತ್ತದೆ. ಎಷ್ಟು ಸಲ ನಡೆಯಿತು ಎಂದು ಕೇಳಿದರೂ ಅಷ್ಟೇ, ಕೂತು ಎಣಿಸುವುದಿಲ್ಲ. ಥಟ್ಟನೆ ನೆನಪಿಗೆ ಬಂದರೆ "ಯಾವಾಗಲೂ" ಎಂದುಬಿಡುತ್ತದೆ. ನಾನು ಯಾವಾಗಲೂ ತಡವಾಗಿ ಬರುತ್ತೇನೆ ಎಂದು ಅಮ್ಮನ ದೂರು. ಹೊತ್ತಿಗೆ ಸರಿಯಾಗಿ ಬಂದ ದಿನಗಳಿಗೆ ಕಥೆ ಇಲ್ಲ, ಪಾಪ. ಕಥೆಯಿಲ್ಲದ ದಿನವನ್ನು ಯಾರು ಎಣಿಸುತ್ತಾರೆ?

ಇಲ್ಲಿಯವರೆಗೆ ತಮಾಷೆ. ಮುಂದಿನದು ನನಗೆ ಅಷ್ಟು ತಮಾಷೆಯಾಗಿ ಕಾಣಲಿಲ್ಲ.

ಒಂದು ದಿನ ಕ್ಷೌರಕ್ಕೆ ಕೂತಿದ್ದೆ. ಕತ್ತರಿ ಆಡಿಸುತ್ತ ಅಂಗಡಿಯ ಅಣ್ಣ ಹೇಳಿದ: "ಬೋರಪ್ಪೋರ ಕೆಮ್ಮು ಅಲಾರಾಂ ಇದ್ದಂಗೆ ಸಾರ್. ಬೆಳಿಗ್ಗೆ ಅದನ್ನ ಕೇಳೇ ನಾನು ಏಳೋದು."

"ಅಣ್ಣಾ, ನೀವಿರೋದು ಅಷ್ಟು ದೂರದ ಕೆಂಗೇರೀಲಿ ಅಲ್ವಾ?"

ಕತ್ತರಿ ನಿಂತಿತು. ಕನ್ನಡಿಯಲ್ಲಿ ಅವನ ಮುಖ ಕಂಡಿತು. ತನ್ನ ಮನೆಯ ಕೋಣೆಯಲ್ಲಿ ಅಪರಿಚಿತನೊಬ್ಬ ಕೂತಿರುವುದನ್ನು ಆಗಷ್ಟೇ ನೋಡಿದವನಂತಿದ್ದ. "ಹೌದಲ್ವಾ," ಎಂದ ಮೆಲ್ಲಗೆ. ಮತ್ತೆ ಕತ್ತರಿ ಆಡಿಸಿದ.

ಕಳೆದ ವರ್ಷ ಬೇಸಿಗೆಗೆ ಮುಂಚೆ ಗೇಟಿನ ಬಳಿ ನಿಂತಿದ್ದಾಗ ಬೆನ್ನ ಹಿಂದೆ ಅದೇ ಕೆಮ್ಮು ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ, "ಹಾ". ತಿರುಗಿದರೆ ಬೋರಪ್ಪನವರು. ನನ್ನ ಕಾಲೆಳೆಯುತ್ತಿದ್ದಾರೆ ಅಂದುಕೊಂಡೆ. "ಸೂಪರ್ ಸಾರ್, ನನಗಿಂತ ನೀವೇ ಚೆನ್ನಾಗಿ ಮಾಡ್ತೀರ!" ಎಂದೆ. "ಏನ್ ಮಾಡ್ದೆ?" ಎಂದು ನಿಜಕ್ಕೂ ಅರ್ಥವಾಗದೆ ನನ್ನನ್ನೇ ನೋಡಿದರು. ನೋಡುತ್ತ ಇನ್ನೊಮ್ಮೆ ಕೆಮ್ಮಿದರು. ಹಾಡಹಗಲು. ನನ್ನ ಬಾಯಲ್ಲಿ ಹುಟ್ಟಿದ ಸದ್ದು ಇನ್ನೊಬ್ಬರ ಎದೆಯೊಳಗೆ ಮನೆ ಮಾಡಿತ್ತು.

ಎರಡು ತಿಂಗಳಾದರೂ ಕೆಮ್ಮು ಹೋಗಲಿಲ್ಲ. ಬೋರಪ್ಪನವರು ಇಳಿದುಹೋದರು; ಷರಟು ಹ್ಯಾಂಗರಿಗೆ ಹಾಕಿದಂತೆ ತೂಗುತ್ತಿತ್ತು. ಆದರೂ ಬೀದಿಯಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಅವರು ಯಾವಾಗಲೂ ಕೆಮ್ಮುವವರಲ್ಲವೇ? ಕಡೆಗೆ ಅವರ ಹೆಂಡತಿ ಗೌರಮ್ಮ ನಾಗರಬಾವಿಯ ಕ್ಲಿನಿಕ್ಕಿಗೆ ಆಟೋ ಕರೆಸಿದರು. "ನೀನೂ ಬಾರಪ್ಪಾ, ಟೋಕನ್ ಗೀಕನ್ ನಂಗೆ ತಿಳಿಯಲ್ಲ" ಎಂದು ನನ್ನನ್ನೂ ಹತ್ತಿಸಿಕೊಂಡರು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು: "ಎಷ್ಟು ದಿನದಿಂದ ಕೆಮ್ಮು?"

"ದಿನ ಎಲ್ಲಿ ಬಂತು ತಾಯಿ," ಎಂದರು ಗೌರಮ್ಮ. "ಹತ್ತು ವರ್ಷದಿಂದ ಐತೆ."

"ಹತ್ತಕ್ಕೂ ಮ್ಯಾಲೇ," ಎಂದರು ಬೋರಪ್ಪನವರು. "ಆ ರೋಡ್ ಅಗಲ ಮಾಡಿದ್ರಲ್ಲ, ಆವಾಗ್ಲೇ ಶುರುವಾಗಿದ್ದು."

ಅವರ ದನಿಯಲ್ಲಿ ಚೂರೂ ಅನುಮಾನವಿರಲಿಲ್ಲ. ರಸ್ತೆ, ಧೂಳು, ಕೆಮ್ಮು, ಎಲ್ಲವೂ ಅವರ ಕಣ್ಣ ಮುಂದೆ ಇತ್ತು. "ಅಷ್ಟು ಹಳೇದಾದ್ರೆ ಧೂಳಿನ ಅಲರ್ಜಿ ಇರಬೇಕು," ಎಂದು ಡಾಕ್ಟರು ಸಿರಪ್ಪಿನ ಹೆಸರು ಬರೆಯಲು ಶುರು ಮಾಡಿದರು.

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಾಗಲಿಲ್ಲ. ಅವಮಾನಕ್ಕಲ್ಲ, ಅದು ನನಗೆ ದಿನದ ಊಟ. ಅದೇ ಕ್ಷಣದಲ್ಲಿ ನನಗೂ ಒಂದು ನೆನಪು ಬಂದುಬಿಟ್ಟಿತ್ತು. ನಾನಿನ್ನೂ ಸ್ಕೂಲಿನಲ್ಲಿದ್ದೇನೆ, ಚಳಿಗಾಲ, ಬೋರಪ್ಪನವರು ನೀಲಿ ಲುಂಗಿಯಲ್ಲಿ ಗೇಟು ಹಿಡಿದು ಕೆಮ್ಮುತ್ತಿದ್ದಾರೆ. ಎರಡು ಗಿಡ್ಡ, ಒಂದು ಉದ್ದ. ಸ್ವಚ್ಛವಾಗಿ ಕಂಡಿತು, ಲುಂಗಿಯ ಅಂಚು ಕೂಡ. ಹಾಗಾದರೆ ನಾನು ಹುಟ್ಟಿಸಿದ್ದೋ, ನೋಡಿದ್ದೋ? ಕಳ್ಳನಿಗೇ ತಾನು ಕದ್ದದ್ದು ಮರೆತರೆ ಒಡವೆಗೆ ದಿಕ್ಕಾರು?

ಮಂಜನ ವಿಡಿಯೋ ಫೋನಿನಲ್ಲಿತ್ತು. "ಮೇಡಂ, ಒಂದ್ನಿಮಿಷ" ಎಂದು ಕ್ಲಿನಿಕ್ಕಿನ ಮೇಜಿನ ಮೇಲಿಟ್ಟು ಪ್ಲೇ ಮಾಡಿದೆ. ನಾಲ್ವರೂ ಬಗ್ಗಿ ನೋಡಿದೆವು. ಪುಟ್ಟ ಪರದೆಯಲ್ಲಿ ನಾನು ಹುರುಳಿ ಎಂದೆ, ಬಿಳಿಚಿಕೊಂಡೆ, ಕೆಮ್ಮಿದೆ. ನಗು ಏಳುವ ಮುಂಚಿನ ಅರೆಕ್ಷಣದ ಮೌನದಲ್ಲಿ ಕ್ಯಾಮೆರಾ ಹಿಂದಿನಿಂದ ಮಂಜನ ಪಿಸುದನಿ ಕೇಳಿತು: "ಅಯ್ಯೋ, ಮಗಾ ಲೈನ್ ಮರ್ತೋದ."

"ಈ ಕೆಮ್ಮು ನಂದು ಮೇಡಂ," ಎಂದೆ. "ಇವರಿಗೆ ಬಂದಿರೋದು ಎರಡು ತಿಂಗಳಿಂದ. ಅದಕ್ಕೆ ಮುಂಚೆ ಇವರು ಕೆಮ್ಮಿಲ್ಲ. ಎರಡು ವರ್ಷದಿಂದ ಎಲ್ರೂ ಕೇಳಿರೋದು ನನ್ನನ್ನ."

ಗೌರಮ್ಮ ಗಂಡನ ಮುಖ ನೋಡಿದರು. ಬೋರಪ್ಪನವರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ನನಗೆ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ರೋಡ್ ಅಗಲ ಮಾಡುವಾಗ ಕೆಮ್ಮಿದ್ದು ಯಾರು ಮತ್ತೆ?" ಎಂದು ಕೇಳಿದರು.

ಡಾಕ್ಟರು ಮಾತ್ರ ಸಿರಪ್ಪಿನ ಹೆಸರನ್ನು ಹೊಡೆದುಹಾಕಿದರು. "ಎರಡು ತಿಂಗಳಾ? ತೂಕ ಎಷ್ಟು ಇಳಿದಿದೆ? ಸಾಯಂಕಾಲ ಮೈ ಬಿಸಿ ಆಗುತ್ತಾ?" ಎಂದು ಒಂದೊಂದಾಗಿ ಕೇಳಿ ಎಕ್ಸ್‌ರೇ, ಕಫದ ಪರೀಕ್ಷೆ ಬರೆದರು. ಕ್ಷಯ ಎಂದು ತಿಳಿಯಿತು. ಬೇಗ ಪತ್ತೆಯಾಯಿತು, ಆರು ತಿಂಗಳು ಮಾತ್ರೆ ತಪ್ಪಿಸದಿದ್ದರೆ ಪೂರ್ತಿ ವಾಸಿಯಾಗುತ್ತದೆ ಎಂದರು.

ಆ ಆರು ತಿಂಗಳು ಮಾತ್ರೆ ತಂದುಕೊಟ್ಟವನು ನಾನು. ಪ್ರಾಯಶ್ಚಿತ್ತ ಎಂದು ದೊಡ್ಡ ಮಾತಾಡುವುದಿಲ್ಲ. ಗೌರಮ್ಮನ ಮುಖ ನೋಡಿ ಬೇಡವೆನ್ನಲು ಧೈರ್ಯವಿರಲಿಲ್ಲ, ಅಷ್ಟೇ. ಅವರು ಗಂಡನ ತಟ್ಟೆ ಲೋಟ ಬೇರೆಯಿಟ್ಟು, ಕಿಟಕಿಗಳನ್ನೆಲ್ಲ ತೆರೆದು, ಮೊದಲ ತಿಂಗಳು ಮೆಟ್ಟಿಲ ಮೇಲೆ ಕೂತು ಯಾರಿಗೂ ಕಾಣದಂತೆ ಅಳುತ್ತಿದ್ದರು. ಎದುರು ಮನೆಯವನಿಗೆ ಎಲ್ಲವೂ ಕಾಣುತ್ತದೆ. ಈ ನಡುವೆ ಕೂತು ಲೆಕ್ಕ ಹಾಕಿದೆ, ಬೋರಪ್ಪನವರನ್ನು ನಾನು ಸ್ಟೇಜಿನ ಮೇಲೆ ಒಟ್ಟು ಎಷ್ಟು ಸಲ ಮಾಡಿದ್ದೇನೆ ಎಂದು. ನೂರಿನ್ನೂರು ಅಂದುಕೊಂಡಿದ್ದೆ. ವಿಡಿಯೋಗಳಲ್ಲಿ ಸಿಕ್ಕಿದ್ದು ಹನ್ನೊಂದು. ಒಂದು ಪಾಳ್ಯದ ಕಿವಿಗೆ ಹತ್ತು ವರ್ಷ ತುಂಬಲು ಹನ್ನೊಂದು ಸಲ ಸಾಕು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಬೋರಪ್ಪನವರು ಮೈ ತುಂಬಿಕೊಂಡು ರಾಜರಾಜೇಶ್ವರಿನಗರದಿಂದ ಬಂದ ನೆಂಟರಿಗೆ ತಮ್ಮ ಕಾಯಿಲೆಯ ಕಥೆ ಹೇಳುತ್ತಿದ್ದರು. "ಮಾತ್ರೆ ಬಹಳ ದಿನ ತಗೋಬೇಕಾಯ್ತಾ?" ಎಂದು ನೆಂಟರಾಕೆ ಕೇಳಿದರು.

ಗೌರಮ್ಮ ಕಾಫಿ ಲೋಟ ಕೊಡುತ್ತ ಹೇಳಿದರು: "ಅಯ್ಯೋ, ಏನಿಲ್ಲಮ್ಮ. ಒಂದ್ ಹದಿನೈದು ದಿನ ಅಷ್ಟೇ."

ನಾನು ಬಾಯಿ ತೆರೆದೆ. ಆರು ತಿಂಗಳ ಲೆಕ್ಕ ನಾಲಿಗೆಯ ತುದಿಯಲ್ಲಿತ್ತು. ಗೌರಮ್ಮನ ಮುಖ ನೋಡಿದೆ. ಭಾರ ಇಳಿದ ಮೇಲೆ ಉಳಿದ ಆ ಹದಿನೈದು ದಿನವನ್ನು ಅವರು ನಿಜವಾಗಿಯೂ ನಂಬಿದ್ದರು. "ಕಾಫಿಗೆ ಸಕ್ಕರೆ ಸರಿಯಾಗಿದೆ ಆಂಟಿ" ಎಂದೆ.