ಎಂಟಕ್ಕೆ ಇಂಜೆಕ್ಷನ್, ಹನ್ನೊಂದಕ್ಕೆ ಪಾರ್ಟಿ

ನನಗೆ ಸಿಟ್ಟು ಬಂದರೆ ಯಾರೂ ನಂಬುವುದಿಲ್ಲ. ಮಿಮಿಕ್ರಿ ಮಾಡುವವನ ಹಣೆಬರಹವೇ ಇಷ್ಟು. ನಮ್ಮ ದೊಡ್ಡ ಡಾಕ್ಟರು ಮೂಗಿನಲ್ಲಿ ಮಾತಾಡುವುದನ್ನು, ನಮ್ಮ ಡ್ರೈವರ್ ಮಾಮಾ ಹೆಂಡತಿಯ ಫೋನಿಗೆ ಮಾತ್ರ ತೆಗೆಯುವ ಸಣ್ಣ ದನಿಯನ್ನು ಮಾಡಿ ತೋರಿಸಿ ತೋರಿಸಿ, ಈಗ ನಿಜವಾಗಿ ಕೂಗಾಡಿದರೂ ಎದುರಿಗಿದ್ದವರು ನಗುತ್ತಾರೆ. 'ಇದು ಯಾರ ದನಿಯಲೇ?' ಎಂದು ಕೇಳುತ್ತಾರೆ. ಅದಕ್ಕೇ ಈ ಸಿಟ್ಟನ್ನು ಬರೆದು ಹೇಳುತ್ತಿದ್ದೇನೆ.

ನನ್ನೂರು ಕರೋಶಿ. ಕೆಲಸ ಆಂಬುಲೆನ್ಸಿನಲ್ಲಿ, ಹಿಂದೆ ರೋಗಿಯ ಪಕ್ಕ ಕೂತು ಸೂಜಿ, ಸಲಾಯಿನು, ಆಕ್ಸಿಜನ್ ನೋಡಿಕೊಳ್ಳುವವನು. ಚಿಕ್ಕೋಡಿ, ನಿಪ್ಪಾಣಿ, ಕೆಲವೊಮ್ಮೆ ರಾಯಬಾಗದವರೆಗೂ ಓಡಾಟ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸೈರನ್ ಹಾಕಿಕೊಂಡು ನಿಂತಷ್ಟು ಹೊತ್ತು ಓದಿದ್ದರೆ ನಾನೂ ಡಾಕ್ಟರಾಗುತ್ತಿದ್ದೆ.

ಆ ದಿನ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಕರೆ ಬಂತು. ನಿಪ್ಪಾಣಿ ರಸ್ತೆಯಿಂದ ಒಳಗೆ, ಕಬ್ಬಿನ ನಡುವೆ ಇರುವ ವೃದ್ಧಾಶ್ರಮ. ಫೋನಿನಲ್ಲಿ ಹೆಣ್ಣು ದನಿ: "ಅಜ್ಜಿ ಒಬ್ಬಾಕಿ ಮಾತಾಡವಲ್ಲಳ್ರಿ. ಲಗೂ ಬರ್ರಿ. ಸೈರನ್ ಮಾತ್ರ ಬಂದ್ ಮಾಡಿ ಬರ್ರಿ, ಇವತ್ತ ಕಾರ್ಯಕ್ರಮ ಐತಿ."

ಗೇಟಿಗೆ ಬಲೂನು ಕಟ್ಟಿದ್ದರು. ಒಂದು ಮಗುವಿನ ಫೋಟೊ ಇರುವ ಫ್ಲೆಕ್ಸ್, ಕೆಳಗೆ ಹುಟ್ಟುಹಬ್ಬದ ಶುಭಾಶಯ. ಸ್ಟ್ರೆಚರ್ ಇಳಿಸಿಕೊಂಡು ನಾನೂ ಮಾಮಾನೂ ಆಶ್ರಮದ ದೊಡ್ಡ ಹಾಲಿನೊಳಗೆ ಕಾಲಿಟ್ಟೆವು. ಗೋಡೆಗುಂಟ ಎರಡು ಸಾಲಿನಲ್ಲಿ ಮುದುಕರು, ಮುದುಕಿಯರು ಕೂತಿದ್ದರು, ಮುಂದೆ ಖಾಲಿ ತಾಟು. ನಮ್ಮನ್ನು ನೋಡಿದ್ದೇ ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾಮಾ ಸ್ಟ್ರೆಚರ್ ಹಿಡಿದುಕೊಂಡೇ ನನ್ನ ಕಿವಿಯಲ್ಲಿ, "ಏನಲೇ, ನಮಗ ಸತ್ಕಾರ ಐತೇನ?" ಎಂದ.

"ಅವ್ರಲ್ಲ, ಅವ್ರಲ್ಲ! ಸಾಕ್ರಿ!" ಎಂದು ಒಳಗಿನಿಂದ ಮೇಲ್ವಿಚಾರಕಿ ಓಡಿ ಬಂದರು. ಒಳಗೆ ಬಂದವರನ್ನು ನೋಡಿದ ಕೂಡಲೇ ಚಪ್ಪಾಳೆ ತಟ್ಟಬೇಕೆಂದು ರೂಢಿ ಮಾಡಿಸಿದ್ದರು. ಪಾಪ, ಬಂದವರು ಯಾರೆಂದು ಅವರಿಗೆ ಸರಿಯಾಗಿ ಕಂಡಿರಲಿಲ್ಲ ಅಷ್ಟೆ.

ಅಜ್ಜಿ ಒಳಗಿನ ಕೋಣೆಯ ಮಂಚದ ಮೇಲಿದ್ದಳು. ಕರೆ ಮಾಡಿದ ಮೇಲೆ ಅವಳ ಮೈ ಒರೆಸಿ, ಹಳೆ ಸೀರೆ ತೆಗೆದು ಹೊಸದನ್ನು ಉಡಿಸಿದ್ದರು. 'ನೀವ ಬಂದಾಗ ಚಂದ ಕಾಣ್ಲಿ ಅಂತ್ರಿ,' ಎಂದರು ಮೇಲ್ವಿಚಾರಕಿ. ಆ ಹೊಸ ಸೀರೆಯೂ ಬೆವರಿನಿಂದ ಆಗಲೇ ತೊಯ್ದಿತ್ತು. ಕೂಗಿದೆ, ಕಣ್ಣು ತೆರೆಯಲಿಲ್ಲ. ಎದೆಯ ಮೂಳೆಯ ಮೇಲೆ ಗೆಣ್ಣಿನಿಂದ ಒತ್ತಿದೆ, ಸಣ್ಣಗೆ ನರಳಿದಳು. ಬಲಗೈ ಬೆರಳುಗಳು ಮಾತ್ರ ಹಾಸಿಗೆಯ ಮೇಲೆ ಏನನ್ನೋ ಸುತ್ತುತ್ತಲೇ ಇದ್ದವು. ನಿಪ್ಪಾಣಿಯ ತಂಬಾಕಿನಲ್ಲಿ ಜೀವಮಾನವಿಡೀ ಬೀಡಿ ಕಟ್ಟಿದ ಬೆರಳುಗಳು.

"ಶುಗರ್ ಪೇಶಂಟ್ ರಿ," ಎಂದರು ಮೇಲ್ವಿಚಾರಕಿ. "ಶುಗರ್ ಏರಿರಬೇಕ್ರಿ. ಇನ್ನೊಂದ ಇಂಜೆಕ್ಷನ್ ಕೊಡೂಣಂತ ತಗದಿದ್ದೆ. ಅಷ್ಟರಾಗ ನೀವ ಬಂದ್ರಿ."

ಬೆರಳು ಚುಚ್ಚಿ ಮಿಷನ್ನಿಗೆ ರಕ್ತ ಹಚ್ಚಿದೆ. ಅಂಕಿಯೇ ಬರಲಿಲ್ಲ, 'ಲೋ' ಎಂದು ತೋರಿಸಿತು. ಸಕ್ಕರೆ ಅಳತೆಗೆ ಸಿಗದಷ್ಟು ಇಳಿದಿತ್ತು. ಸಕ್ಕರೆ ಇಳಿಸುವ ಇಂಜೆಕ್ಷನ್ ಇನ್ನೊಂದು ಬಿದ್ದಿದ್ದರೆ ನಾವು ಸೀದಾ ಹೆಣ ಸಾಗಿಸುವ ಗಾಡಿಯವರಿಗೆ ಫೋನು ಮಾಡಬಹುದಿತ್ತು.

"ಮುಂಜಾನೆ ಏನ್ ತಿಂದಾಳ್ರಿ?"

"ಇನ್ನೂ ಇಲ್ರಿ. ಪಾರ್ಟಿ ಬಂದಿಲ್ಲ."

"ಯಾವ ಪಾರ್ಟಿ?"

"ಬರ್ತಡೇದವರ್ರಿ. ಇವತ್ತಿನ ನಾಷ್ಟಾ ಅವ್ರದ. ತಮ್ಮ ಕೈಲೇ ಬಡಸ್ತಾರ. ಅವರ ಬರೂದ್ರೊಳಗ ನಾವು ಬಡಿಸಿದ್ರ ಅವ್ರಿಗೆ ಬ್ಯಾಸರಾಗತೈತಿ."

"ಇಂಜೆಕ್ಷನ್ ಯಾವಾಗ ಕೊಟ್ರಿ?"

ಅವರು ರಜಿಸ್ಟರ್ ತಂದು ನನ್ನ ಮುಖದ ಮುಂದೆ ಹಿಡಿದರು. "ಎಂಟಕ್ಕ. ನೋಡ್ರಿ, ರೈಟ್ ಹಾಕೇನಿ. ಇಂಜೆಕ್ಷನ್ ಒಂದ ದಿನಾನೂ ನಮ್ಮಲ್ಲಿ ತಡಾ ಆಗೂದಿಲ್ರಿ."

ಎಂಟಕ್ಕೆ ಇನ್ಸುಲಿನ್, ಹನ್ನೊಂದಾದರೂ ಹೊಟ್ಟೆಗೆ ತುತ್ತಿಲ್ಲ. ಪಕ್ಕದ ಅಡಿಗೆಮನೆಯಲ್ಲಿ ಶಿರಾ, ಉಪ್ಪಿಟ್ಟು ಪಾತ್ರೆ ತುಂಬ ಇದ್ದವು. ತುಪ್ಪದ ವಾಸನೆ ಅಜ್ಜಿಯ ಮಂಚದವರೆಗೂ ಬರುತ್ತಿತ್ತು.

ಎಚ್ಚರವಿಲ್ಲದವಳ ಬಾಯಿಗೆ ಏನೂ ಹಾಕುವಂತಿಲ್ಲ, ಶ್ವಾಸಕ್ಕೆ ಹೋಗುತ್ತದೆ. ರಕ್ತನಾಳದಿಂದಲೇ ಕೊಡಬೇಕು. ಫೋನಿನಲ್ಲಿ ಡಾಕ್ಟರಿಗೆ ಹೇಳಿ ಸೂಜಿ ಹಿಡಿದೆ. ಆ ಕೈಯಲ್ಲಿ ನರ ಎಲ್ಲಿತ್ತು? ಮೊದಲ ಸಲ ತಪ್ಪಿತು. ಎರಡನೆಯ ಸಲ ಒಳಗೆ ಹೋಗಿ ಒಡೆಯಿತು, ಚರ್ಮ ನೀಲಿಯಾಗಿ ಉಬ್ಬಿತು. ಅಜ್ಜಿಯ ಉಸಿರು ಗೊರಗೊರ ಅನ್ನತೊಡಗಿತು. ಗಡಿಬಿಡಿಯಲ್ಲಿ ಹೊಸ ಸೂಜಿ ತೆಗೆದು ಮತ್ತೆ ಮೊಣಕೈ ಮಡಿಕೆಗೇ ಹೋದೆ. ಮಾಮಾ ಅಜ್ಜಿಯ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ಅವಸರ ಮಾಡಬ್ಯಾಡ. ಮುಂಗೈ ನೋಡು," ಎಂದ. ಮೂರನೆಯ ಸಲ ಮುಂಗೈಯಲ್ಲಿ ಸಿಕ್ಕಿತು. ಗ್ಲೂಕೋಸ್ ನಿಧಾನವಾಗಿ ಒಳಗೆ ಬಿಟ್ಟೆ.

ಅಷ್ಟರಲ್ಲಿ ಹೊರಗೆ ಮತ್ತೆ ಚಪ್ಪಾಳೆ. ಈ ಸಲ ಪಾರ್ಟಿಯೇ ಬಂದಿತ್ತು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಸಾವಕಾರ, ಕೈಯಲ್ಲಿ ಕೇಕಿನ ಡಬ್ಬಿ. ಬಾಗಿಲಿಗೆ ಬಂದು ಮಂಚವನ್ನು ನೋಡಿ, "ಅರೆ, ಕಾಯ್ ಝಾಲಂ? ಏನಾತ್ರಿ?" ಎಂದು ಗಾಬರಿಯಾದರು. ಆತ ಕೆಟ್ಟವನಲ್ಲ. ಕೇಕು ತಡವಾಯಿತಂತೆ, ಕೊಗನೊಳ್ಳಿ ಹತ್ತಿರ ಗಾಡಿ ನಿಂತಿತಂತೆ. ಇವರೆಲ್ಲ ತನಗಾಗಿ ಉಪವಾಸ ಕೂತಿದ್ದಾರೆಂದು ಆತನಿಗೆ ಗೊತ್ತೇ ಇರಲಿಲ್ಲ.

"ಏನಿಲ್ಲ ಬರ್ರಿ ಸಾವಕಾರ," ಎಂದರು ಮೇಲ್ವಿಚಾರಕಿ. "ಸ್ವಲ್ಪ ಚಕ್ಕರ್ ಬಂದೈತಿ."

ಆಗ ನಾನು ಬಾಯಿ ಬಿಟ್ಟೆ. ಸಿಟ್ಟಿನಲ್ಲಿ ಹೊರಟದ್ದು ಮೇಲ್ವಿಚಾರಕಿಯದೇ ದನಿ, ಅವರದೇ ರಾಗ: "ಪಾರ್ಟಿ ಬಂದಿಲ್ರಿ! ಜೀವ ಹೋದ್ರ ಹೋಗ್ಲಿ, ಪಾರ್ಟಿಗೆ ಬ್ಯಾಸರಾಗತೈತ್ರಿ! ರೈಟ್ ಹಾಕೇನ್ರಿ!"

ಹಾಲಿನಲ್ಲಿ ಕೂತಿದ್ದ ಮುದುಕರು ಹೋ ಎಂದು ನಕ್ಕರು. ಒಬ್ಬ ಅಜ್ಜ ತೊಡೆ ಬಡಿದುಕೊಂಡ. ನಾನು ಬೈದಿದ್ದೆ, ಅವರಿಗೆ ಮನರಂಜನೆಯಾಗಿತ್ತು. ಆ ನಗು ಕೇಳಿ ನನ್ನ ಸಿಟ್ಟು ದುಪ್ಪಟ್ಟಾಯಿತು.

ಅಜ್ಜಿ ಕಣ್ಣು ಬಿಟ್ಟಳು. ಸೂರು ನೋಡಿದಳು, ಬಾಟಲಿ ನೋಡಿದಳು, ಕೊನೆಗೆ ನನ್ನನ್ನು. ಮೊದಲ ಮಾತು: "ಪಾರ್ಟಿ ಬಂತೇನ?"

"ಬಂತ ಆಯಿ. ನಿನ್ನ ಹೆಸರೇನ ಹೇಳು ನೋಡೋಣು?"

ಹೆಸರು ಸರಿಯಾಗಿ ಹೇಳಿದಳು. ಆಮೇಲೆ ನನ್ನನ್ನೇ ದಿಟ್ಟಿಸಿ, "ನೀ ಆ ನಕಲಿ ಮಾಡಾಂವ ಅಲ್ಲೇನಲೇ?" ಎಂದಳು. "ಹ್ವಾದ ವರ್ಷ ನಿನ್ನ ಬರ್ತಡೇಕ್ಕೂ ಎರಡ ತಾಸ ಕಾಯಿಸಿದ್ದಿ. ಅವತ್ತ ಆಚಿ ಮಂಚದಾಕಿ ಬಿದ್ದಳ. ಹಿಂಗ ಬೆವರಿದ್ದಳ ಅಕಿನೂ."

ಇಷ್ಟು ಹೊತ್ತು ನಿಮ್ಮಿಂದ ಮುಚ್ಚಿಟ್ಟಿದ್ದು ಇದನ್ನೇ. ಹೌದು, ಹೋದ ವರ್ಷ ನಾನೂ ಅಲ್ಲಿ ಹುಟ್ಟುಹಬ್ಬ ಮಾಡಿಕೊಂಡಿದ್ದೆ. ಇವತ್ತು ಯೂನಿಫಾರ್ಮಿನಲ್ಲಿದ್ದ ನನ್ನ ಗುರುತು ಮೇಲ್ವಿಚಾರಕಿಗೆ ಹತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಡ್ಯೂಟಿ ಮುಗಿಯುವುದು ತಡವಾಗಿ, ಹತ್ತೂವರೆಗೆ ಹೋಗಿ, ಮೊದಲು ಅರ್ಧ ತಾಸು ಮಿಮಿಕ್ರಿ ಮಾಡಿ, ಆಮೇಲೆ ಬಡಿಸಿದ್ದೆ. ಎಂಥ ಚಪ್ಪಾಳೆ! ನನ್ನ ಕಲೆಗೇ ಬಿದ್ದದ್ದೆಂದು ತಿಳಿದು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ್ದೆ. ಶುಗರ್ ಇದ್ದವರು ಹಸಿದರೆ ಏನಾಗುತ್ತದೆಂದು ಓದಿ ಪಾಸಾದವನು ನಾನು. ಎದುರಿಗೆ ಕೂತು ಬೆವರುತ್ತಿದ್ದವಳನ್ನು ನೋಡಿ, 'ಸೆಕಿ ಆಗೇತೇನ ಬೇ?' ಎಂದು ಫ್ಯಾನು ತಿರುಗಿಸಿದ್ದೆ. ಆಚೆ ಮಂಚ ಈಗ ಖಾಲಿ ಇತ್ತು. ಅವಳು ಯಾವಾಗ ಹೋದಳು, ಹೇಗೆ ಹೋದಳು ಎಂದು ಕೇಳುವ ಧೈರ್ಯ ಬರಲಿಲ್ಲ.

ಸಕ್ಕರೆ ಮತ್ತೆ ಇಳಿಯಬಹುದು, ದವಾಖಾನೆಗೆ ಒಯ್ಯಲೇಬೇಕು ಎಂದೆ.

"ಹುಷಾರಾದಳಲ್ರಿ," ಎಂದರು ಮೇಲ್ವಿಚಾರಕಿ. "ಐದ ನಿಮಿಷ ಸಾಲಿನ್ಯಾಗ ಕೂಡಸ್ರಿ, ಫೋಟೊ ಮುಗದ್ ಮ್ಯಾಲೆ ಒಯ್ರಿ."

ನಾನು ಉತ್ತರ ಕೊಡುವ ಮೊದಲೇ ಸಾವಕಾರರು ಕೇಕಿನ ಡಬ್ಬಿಯನ್ನು ನೆಲದ ಮೇಲೆ ಇಟ್ಟು ಅಡಿಗೆಮನೆಗೆ ಹೋದರು. ಪಾತ್ರೆ ಎತ್ತಿಕೊಂಡು ಬಂದು ಬಡಿಸತೊಡಗಿದರು. ತಾಟುಗಳು ತುಂಬಿದವು, ಆದರೆ ಒಂದು ಕೈಯೂ ತಾಟಿಗೆ ಇಳಿಯಲಿಲ್ಲ. ಎಲ್ಲರೂ ಮೇಲ್ವಿಚಾರಕಿಯ ಮುಖ ನೋಡುತ್ತಿದ್ದರು. "ಉಣ್ರಿ ಅಂತ ಹೇಳ್ರಿ ಅವ್ರಿಗೆ!" ಎಂದು ನಾನು ಅರಚಿದೆ. ಅವರು ಹೇಳಿದರು. ಚಮಚೆಗಳ ಸದ್ದು ಒಮ್ಮೆಲೇ ಎದ್ದಿತು.

ಒಂದು ಬಟ್ಟಲು ಶಿರಾ ತೆಗೆದುಕೊಂಡು ಅಜ್ಜಿಯನ್ನು ಗಾಡಿಗೆ ಹತ್ತಿಸಿದೆವು. ಹೊರಡುವ ಮೊದಲು ಇನ್ನೊಮ್ಮೆ ರಕ್ತ ನೋಡಿದೆ, ಈಗ ಅಂಕಿ ಬಂತು. ನೀರು ಗುಟುಕಿಸಿದಳು, ಸರಿಯಾಗಿ ನುಂಗಿದಳು. ತಲೆಯ ಕಡೆ ಎತ್ತರಿಸಿ ಕೂರಿಸಿ ಚಮಚೆ ಮುಂದೆ ಹಿಡಿದೆ.

ಅಜ್ಜಿ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು. ಬೆನ್ನು ನೆಟ್ಟಗೆ ಮಾಡಿ ನನ್ನ ಅಂಗಿಯ ಜೇಬಿನಲ್ಲಿದ್ದ ಮೊಬೈಲನ್ನು ನೋಡುತ್ತ ಕೂತಳು. ಬಾಯಿ ತೆರೆಯಲಿಲ್ಲ.

"ಉಣ್ಣ ಬೇ ಆಯಿ."

"ಫೋಟೊ ತಗೀಲೇ ಲಗೂನ," ಎಂದಳು. "ಹಸದೈತಿ."

ಮೊಬೈಲು ತೆಗೆದು ಮುಂದೆ ಮಾಮಾನ ಸೀಟಿನ ಮೇಲೆ ಎಸೆದೆ. ಫೋಟೊ ಇಲ್ಲ, ಯಾರದೂ ಬರ್ತಡೇ ಇಲ್ಲ, ಉಣ್ಣು ಎಂದೆ. ಅವಳು ನಂಬಲಿಲ್ಲ. ಬಾಗಿಲ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕೈಯಿಂದ ಬಟ್ಟಲು ಕಸಿದುಕೊಂಡು, ಅದನ್ನು ಸೆರಗಿನೊಳಗೆ ಮುಚ್ಚಿ, ಕದ್ದು ತಿನ್ನುವವರ ಹಾಗೆ ಗಬಗಬ ತಿಂದಳು.