ಹಿಟ್ಟಿನ ತೊಟ್ಟಿಯ ಸುತ್ತ ಏಳು ಮಂದಿ

ನಮ್ಮ ವೆರ್ಬಿವ್ಕಾ ಹಳ್ಳಿಯಲ್ಲಿ ಮದುವೆಗೆಂದು ಒಲೆಯಲ್ಲಿ ಉಬ್ಬಿಸಿ ಬೇಯಿಸುವ ದೊಡ್ಡ ರೊಟ್ಟಿಗೆ ಹಿಟ್ಟು ನಾದುವವರು ಏಳು ಮಂದಿ ಮುತ್ತೈದೆಯರು. ಗಂಡ ಸತ್ತವಳು ಆ ತೊಟ್ಟಿಗೆ ಕೈ ಹಾಕುವಂತಿಲ್ಲ. ಹಾಕಿದರೆ ರೊಟ್ಟಿ ಬಿರಿಯುತ್ತದೆ, ಮದುಮಗಳ ಬಾಳೂ ಬಿರಿಯುತ್ತದೆ ಎಂಬ ಭಯ. ಈ ಏಳು ಮಂದಿಗೆ ಯಜಮಾನಿ ಮೆಲಾನಿಯಾ. ಅಬ್ಬಾ, ಅವಳ ಬಾಯಿ! "ಏನೇ, ಹಿಟ್ಟು ನಾದ್ತಿದ್ದೀಯೋ, ಬೆಕ್ಕಿನ ಬೆನ್ನು ಸವರ್ತಿದ್ದೀಯೋ?" ಎಂದು ನನ್ನನ್ನು ಎಷ್ಟು ಸಲ ಗದರಿಲ್ಲ! ಊರಿನ ಅರ್ಧ ಸಂಸಾರಗಳು ಅವಳ ರೊಟ್ಟಿ ತಿಂದೇ ಶುರುವಾದವು. ಕೆಟ್ಟುಹೋದ ಸಂಸಾರಗಳ ಮಾತು ಬಂದರೆ, "ಅವತ್ತು ಒಲೆ ಸರಿ ಇರ್ಲಿಲ್ಲ" ಎನ್ನುತ್ತಿದ್ದಳು.

ಅವಳ ಗಂಡ ಫೇದಿರ್ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವಳ ಮಾತೇ ಇಬ್ಬರಿಗೂ ಸಾಕಾಗುತ್ತಿತ್ತು. ಯುದ್ಧ ಬಂತು, ಅವನನ್ನೂ ಕರೆದುಕೊಂಡು ಹೋದರು. ಆಮೇಲೆ ಊರ ಮುಖ್ಯಸ್ಥನ ಬಿಳಿ ಕಾರು ಕಂಡರೆ ನಮಗೆಲ್ಲ ಭಯ. ಸಾವಿನ ಸುದ್ದಿ ಬರುವುದು ಅದರಲ್ಲೇ. ಅದು ಬೀದಿಗೆ ತಿರುಗಿದರೆ ಹೆಂಗಸರು ಗೇಟು ಹಿಡಿದು ನಿಲ್ಲುವರು, ದಾಟಿ ಹೋದ ಮೇಲೆಯೇ ಉಸಿರು. ಮೆಲಾನಿಯಾ ಮಾತ್ರ ಪೊರಕೆ ಎತ್ತಿ, "ಮುಂದೆ ಹೋಗೋ, ಇಲ್ಲಿ ನಿಂಗೇನೂ ಕೆಲಸ ಇಲ್ಲ!" ಎಂದು ಕೂಗುತ್ತಿದ್ದಳು. ನಾವು ನಗುತ್ತಲೇ ಕಾರು ಎತ್ತ ತಿರುಗಿತೆಂದು ನೋಡುತ್ತಿದ್ದೆವು.

ಅಷ್ಟರಲ್ಲಿ ನಮ್ಮೂರ ಹುಡುಗಿ ಸೊಲೋಮಿಯಾಳ ಮದುವೆ ಗೊತ್ತಾಯಿತು. ಹುಡುಗನೂ ಸೈನಿಕ, ಮದುವೆ ಮುಗಿದೊಡನೆ ಅವನು ಮತ್ತೆ ಹೊರಡಬೇಕು. ಈ ರೊಟ್ಟಿಯಂತೂ ಬಿರಿಯಲೇಬಾರದು.

ಶನಿವಾರ ಬೆಳಿಗ್ಗೆ ಹಿಟ್ಟು ನಾದಲು ಮದುವೆ ಮನೆಗೆ ಹೋದರೆ, ಮುದುಕಿ ಗಾಪ್ಕಾ ಬಾಗಿಲಲ್ಲೇ ನನ್ನ ತೋಳು ಹಿಡಿದಳು. ಮುಖ್ಯಸ್ಥ ಅವಳ ಅಳಿಯ.

"ಫೇದಿರ್ ಹೋಗ್ಬಿಟ್ನಂತೆ ಕಣೇ. ಮದುವೆ ಮುಗಿಯೋವರ್ಗೂ ಮೆಲಾನಿಯಾಗೆ ಹೇಳ್ಬೇಡ ಅಂತ ಅಳಿಯನ ಕೈ ಹಿಡಿದು ಬೇಡ್ಕೊಂಡಿದ್ದೀನಿ."

ನಾನು ಬಾಗಿಲು ದಾಟಿದೆ. ಒಳಗೆ ಮೆಲಾನಿಯಾಳ ಜಾಗದಲ್ಲಿ ಮೇಲಿನ ಬೀದಿಯ ಸೊಸೆಯೊಬ್ಬಳನ್ನು ಆಗಲೇ ನಿಲ್ಲಿಸಿದ್ದರು.

ಅಷ್ಟರಲ್ಲಿ ಮೆಲಾನಿಯಾ ಅಂಗಿಯ ತೋಳು ಮಡಿಚಿಕೊಂಡೇ ಬಂದಳು. "ಯಾರು ಸತ್ರು ಅಂತ ಹೀಗೆ ಮುಖ ಇಟ್ಕೊಂಡಿದ್ದೀರ್ರೇ?" ಎನ್ನುತ್ತಾ ಕೈ ತೊಳೆದಳು.

ಗಾಪ್ಕಾ ಅಡ್ಡ ಬಂದಳು. "ಇವತ್ತು ನೀನು ಕೂತು ಹಾಡು ಹೇಳು ತಾಯಿ. ಸೊಂಟ ನೋವು ಅಂತಿದ್ಯಲ್ಲ."

"ನನ್ನ ಸೊಂಟಕ್ಕೇನು ಧಾಡಿ? ಸರೀರಿ ಆಚೆ!"

ಯಾರೂ ಸರಿಯಲಿಲ್ಲ. ಅವಳು ತೊಟ್ಟಿಯ ಸುತ್ತ ನಿಂತವರನ್ನು ನೋಡಿದಳು. ಅವಳಿಲ್ಲದೆಯೇ ಏಳು ಮಂದಿ ಇದ್ದೆವು. ಅವಳ ಕಣ್ಣು ಆ ಹೊಸ ಸೊಸೆಯ ಮೇಲೆ ನಿಂತಿತು, ಆಮೇಲೆ ನನ್ನ ಕಡೆ ತಿರುಗಿತು. ದೇವರೇ, ತಲೆ ತಗ್ಗಿಸದೆ ಇನ್ನೇನು ಮಾಡಲಿ ನಾನು!

ಅವಳು ಒದ್ದೆ ಕೈಗಳನ್ನು ಎದೆಗೆ ಒತ್ತಿಕೊಂಡು, ಒಂದು ಹನಿಯೂ ಹಿಟ್ಟಿಗೆ ಬೀಳದ ಹಾಗೆ, ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟಿದಳು. ಆಚೆಯಿಂದ ಕೇಳಿದಳು:

"ಫೇದಿರ್‌ನ ಯಾವತ್ತು ತರ್ತಾರೆ?"

"ಸೋಮವಾರ," ಎಂದಳು ಗಾಪ್ಕಾ.

"ಹಾಗಾದ್ರೆ ನಾದ್ರೇ, ಸುಮ್ನೆ ನಿಂತ್ರೆ ಹಿಟ್ಟು ಹಾಳಾಗುತ್ತೆ. ಆ ಮಗು ಮದುವೆ ನಾಳೆ."